ಬೆನ್ನಿಗೆ ಹುಲ್ಲು ಹತ್ತದವನು

ಆಟಗಾರರ ಹೆಸರು ನಮಗೆ ಬೇಕಾಗಿರಲಿಲ್ಲ, ಅಂಗಿಯ ಮೇಲಿನ ಅಂಕಿ ಸಾಕಾಗಿತ್ತು. ಎಪ್ಪತ್ನಾಲ್ಕು ಬಂದ, ಐವತ್ತೆರಡು ಬಂದ, ಇಪ್ಪತ್ತೆರಡರ ಮೊಣಕಾಲು ಇವತ್ತೂ ಹರಿದಿದೆ, ಹೀಗೆ. ಕಾಲೇಜಿನ ಕ್ರೀಡಾಂಗಣದ ನೆಲಮಾಳಿಗೆಯ ಉದ್ದನೆಯ ಕೋಣೆಯೊಂದರಲ್ಲಿ ಹೆಲ್ಮೆಟ್ ತೊಟ್ಟು, ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ಫುಟ್‌ಬಾಲ್ ತಂಡದ ತೊಂಬತ್ತು ಹುಡುಗರ ಬಟ್ಟೆ ಒಗೆಯುವ ಹನ್ನೊಂದು ಹೆಂಗಸರು ನಾವು. ಹನ್ನೊಂದು ಮಂದಿಯೂ ಕರಿಯರು. ಅಲಬಾಮಾದ ಈ ಊರಿನಲ್ಲಿ ಅದನ್ನು ಬೇರೆಯಾಗಿ ಹೇಳಬೇಕಾದ್ದಿಲ್ಲ. ಒಗೆಯುವವರು ಎಂದರೆ ಸಾಕು, ಬಣ್ಣ ಆ ಮಾತಿನೊಳಗೇ ಇದೆ.

ಕೋಣೆಗೆ ಕಿಟಕಿಯಿಲ್ಲ. ಬಾಗಿಲು ಒಂದೇ, ಕಬ್ಬಿಣದ್ದು. ನಾವು ಒಳಗೆ ಬಂದ ಮೇಲೆ ಮೇಲ್ವಿಚಾರಕ ಗ್ಯಾಡಿಸ್ ಅದಕ್ಕೆ ಹೊರಗಿನಿಂದ ಬೀಗ ಹಾಕುತ್ತಿದ್ದ. ಯಾವಾಗಲೋ ಒಂದು ಜೆರ್ಸಿ ಕಳುವಾಗಿತ್ತಂತೆ. ಆಟದಲ್ಲಿ ತೊಟ್ಟ ಜೆರ್ಸಿಗೆ ಹುಚ್ಚು ಬೆಲೆ ಕೊಡುವವರಿದ್ದಾರೆ. ಕದ್ದವನು ತಂಡದ ಒಬ್ಬ ಹುಡುಗನೇ ಎಂದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬೀಗ ಉಳಿಯಿತು.

ಕಳೆದ ಆಗಸ್ಟ್‌ನಲ್ಲಿ ಆರು ಡ್ರೈಯರ್‌ಗಳೂ ಒಟ್ಟಿಗೆ ಉರಿಯುತ್ತಿದ್ದಾಗ ಯೂಲಾ ನಿಂತಲ್ಲೇ ಕುಸಿದಳು. ನಾವು ಬಾಗಿಲು ಬಡಿದೆವು. ಗೋಡೆಯ ಫೋನಿನಿಂದ ಕಚೇರಿಗೆ ಕರೆ ಮಾಡಿದೆವು. ಗ್ಯಾಡಿಸ್ ಊಟಕ್ಕೆ ಹೋಗಿದ್ದ, ಬೀಗದ ಕೈ ಅವನ ಜೇಬಿನಲ್ಲಿತ್ತು. ನಲವತ್ತು ನಿಮಿಷ. ಒದ್ದೆ ಟವೆಲ್ಲಿನಲ್ಲಿ ಅವಳ ಎದೆ ಒರೆಸುತ್ತಾ ನಾವು ಕಳೆದ ಆ ನಲವತ್ತು ನಿಮಿಷ ನಮಗೆ ಇವತ್ತಿಗೂ ಬಾಯಿಪಾಠ. ಯೂಲಾ ಬದುಕಿದಳು. ಎರಡು ತಿಂಗಳ ನಂತರ ಕೆಲಸಕ್ಕೆ ಬಂದು, ಗಾಳಿಗಿಂಡಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, "ಸತ್ತಿದ್ರೂ ಗ್ಯಾಡಿಸ್ ನನ್ನ ಹೆಣದ ಜೇಬು ತಡಕಿಯೇ ಆಚೆ ಬಿಡ್ತಿದ್ದ ಕಣ್ರೇ" ಎಂದಳು. ಎಲ್ಲರೂ ನಕ್ಕೆವು. ಆಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೀಗ ತೆಗೆಯಿರಿ ಎಂದು ಕಾಲೇಜಿಗೆ ಮೂರು ಕಾಗದ ಬರೆದೆವು. ಬರೆದವಳು ನಾನು, ರೆನೀಟಾ, ಎಲ್ಲರಿಗಿಂತ ಚಿಕ್ಕವಳು. ಚರ್ಚಿನ ಹಿಂದಿನ ಕೋಣೆಯಲ್ಲಿ ಬುಧವಾರ ಬುಧವಾರ ಸೇರಿ ಪುಸ್ತಕ ಓದುವ ಹೆಂಗಸರ ಗುಂಪಿನಲ್ಲಿ ಅಕ್ಷರ ತಿದ್ದಿಕೊಂಡವಳು. ಚೆನ್ನಾಗಿಯೇ ಬರೆದಿದ್ದೆ. ಉತ್ತರ ಬರಲಿಲ್ಲ.

"ಕಾಗದ ಓದೋ ಊರಲ್ಲ ಇದು," ಎಂದರು ಮಿಸ್ ವರ್ಲೀನ್. ಮೂವತ್ತೊಂದು ವರ್ಷದಿಂದ ಆ ಕೋಣೆಯಲ್ಲಿದ್ದವರು. ಅವರ ತಾಯಿ ಬಿಳಿಯರ ಮನೆಯ ಹಿತ್ತಲಲ್ಲಿ ಹಂಡೆಯಲ್ಲಿ ಬಟ್ಟೆ ಬೇಯಿಸಿದವರು. "ಈ ಊರು ಕಿವಿ ಕೊಡೋದು ಒಂದೇ ಒಂದು ವಿಷಯಕ್ಕೆ."

ಅದು ಎಲ್ಲರಿಗೂ ಗೊತ್ತು. ಪ್ರತಿ ಏಪ್ರಿಲ್‌ನಲ್ಲಿ ದೊಡ್ಡ ಲೀಗಿನ ಹದಿನಾರು ತಂಡಗಳು ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಆ ಶನಿವಾರ ಊರಿನ ಅಂಗಡಿಗಳು ಮುಚ್ಚಿ, ರೇಡಿಯೋಗಳು ತೆರೆಯುತ್ತವೆ. ಊರ ರೇಡಿಯೋದ ಡೂಲಿ ಹ್ಯಾಸ್ಕೆಲ್ ಒಂದು ಸ್ಪರ್ಧೆ ಇಡುತ್ತಾನೆ. ಮೊದಲ ಸುತ್ತಿನಲ್ಲಿ ಯಾವ ತಂಡ ಯಾರನ್ನು ಆರಿಸುತ್ತದೆ ಎಂದು ಹದಿನಾರು ಹೆಸರು ಮುಂಚೆಯೇ ಬರೆದು ಕಳಿಸಬೇಕು. ಹೆಚ್ಚು ಹೆಸರು ಸರಿಯಾದ ಜಾಗದಲ್ಲಿ ಕೂರಿಸಿದವರಿಗೆ ರೇಡಿಯೋದಲ್ಲಿ ಹತ್ತು ನಿಮಿಷ, ಏನು ಬೇಕಾದರೂ ಮಾತಾಡಬಹುದು. ಹಿಂದಿನ ವರ್ಷ ಗೆದ್ದ ಹಲ್ಲಿನ ಡಾಕ್ಟರ್ ವಿಟ್ಲೊ ಹತ್ತೂ ನಿಮಿಷ ತನ್ನ ಮೀನು ಹಿಡಿಯುವ ದೋಣಿಯ ಬಗ್ಗೆ ಮಾತಾಡಿದ. ಊರು ಅದನ್ನೂ ಕೇಳಿತು.

"ದೋಣಿಗೆ ಹತ್ತು ನಿಮಿಷ ಅಂದ್ರೆ ಬೀಗಕ್ಕೂ ಹತ್ತು ನಿಮಿಷ," ಎಂದರು ಮಿಸ್ ವರ್ಲೀನ್. "ಬರಿ ರೆನೀಟಾ."

ಆಟ ನೋಡಿದವರಲ್ಲ ನಾವು. ಆಟದ ಹೊತ್ತಿಗೆ ಟವೆಲ್ ಮಡಿಸುತ್ತಿರುತ್ತೇವೆ. ಆದರೆ ಆಟ ಮುಗಿದ ಮೇಲೆ ಅದು ಅಂಗಿ ಅಂಗಿಯಾಗಿ ನಮ್ಮ ಮೇಜಿನ ಮೇಲೆ ಬಂದು ಬೀಳುತ್ತದೆ. ಯಾವ ಕಲೆ ಯಾವುದರದ್ದು ಎಂದು ತಿಳಿಯದಿದ್ದರೆ ಒಗೆಯುವುದಕ್ಕೇ ಆಗುವುದಿಲ್ಲ. ಹುಲ್ಲಿನ ಕಲೆಗೆ ಒಂದು ಮದ್ದು, ರಕ್ತಕ್ಕೆ ತಣ್ಣೀರು, ಎದುರಾಳಿಯ ಹೆಲ್ಮೆಟ್ಟಿನಿಂದ ಉಜ್ಜಿ ಹತ್ತಿದ ಬಣ್ಣಕ್ಕೆ ಇನ್ನೊಂದು. ಮೊಣಕಾಲು ಹಸಿರಾಗಿದ್ದರೆ ಹುಡುಗ ಮುಂದಕ್ಕೆ ಬಿದ್ದವನು, ಬೆನ್ನು ಹಸಿರಾಗಿದ್ದರೆ ಬೀಳಿಸಿಕೊಂಡವನು. ನಮ್ಮ ಚೆಂಡು ಎಸೆಯುವವನ ಬೆನ್ನ ಮೇಲೆ ಟೆನೆಸಿ ತಂಡದವನೊಬ್ಬನ ಐದು ಬೆರಳು ಮೈದಾನದ ಗೆರೆಯ ಸುಣ್ಣದಲ್ಲಿ ಅಚ್ಚೊತ್ತಿ ಬಂದಿದ್ದವು, ಒಂದೇ ಆಟದಲ್ಲಿ ಮೂರು ಸಲ. ಆ ಕೈಯವನನ್ನು ನಾವು ಕಂಡಿರಲಿಲ್ಲ, ಆದರೆ ಬಲ್ಲೆವು. ಪತ್ರಿಕೆಗಳು ಐದನೆಯ ಜಾಗದಲ್ಲಿ ಬೇರೆಯವನನ್ನು ಬರೆದಿದ್ದವು. ನಾವು ಆ ಕೈಯವನ ಹೆಸರು ಹುಡುಕಿ, ಆ ಕೈಯನ್ನು ಬರೆದೆವು.

ಪತ್ರಿಕೆಗಳು ಅಲ್ಲಿ ಬರೆದಿದ್ದವನು ನಮ್ಮದೇ ತಂಡದ ಐವತ್ತೆರಡು, ಕ್ಲೇ ಮೆರಿಡಿತ್. ಊರಿನ ಕಣ್ಮಣಿ. ಎದುರಾಳಿಗಳನ್ನು ಹಿಡಿದು ಕೆಡಹುವವನು. ತಲೆಯಿಂದ ಕಾಲಿನವರೆಗೆ ಕೆಸರಾದ ಅವನ ಚಿತ್ರ ಬ್ಯಾಂಕಿನ ಗೋಡೆಯ ಮೇಲೂ ಇತ್ತು.

"ಇವನನ್ನ ಎಷ್ಟನೇ ಜಾಗಕ್ಕೆ ಹಾಕ್ಲಿ?" ಎಂದೆ.

"ಹಾಕ್ಬೇಡ," ಎಂದರು ಮಿಸ್ ವರ್ಲೀನ್.

ಕೈಯಲ್ಲಿದ್ದ ಕೆಲಸ ಎಲ್ಲರದ್ದೂ ನಿಂತಿತು.

"ಮೊದಲ ಸುತ್ತಲ್ಲೇ ಇಲ್ವಾ? ಮಿಸ್ ವರ್ಲೀನ್, ಊರು ನಮ್ಮನ್ನ ಬದುಕೋಕೆ ಬಿಡುತ್ತಾ?"

"ನೀನೇ ಹೇಳು. ಅವನ ಕೆಸರು ಹೇಗೆ ಬಿಡುತ್ತೆ?"

ನಾನು ಯೋಚಿಸಿದೆ. "ಸಲೀಸಾಗಿ. ಒಂದೇ ನೀರಿಗೆ."

"ಬಿದ್ದ ಕೆಸರು ನೂಲಿನೊಳಗೆ ಇಳಿದಿರುತ್ತೆ. ಉಜ್ಜಿಕೊಂಡ ಕೆಸರು ಮೇಲೇ ಕೂತಿರುತ್ತೆ, ಅದೂ ಒಂದೇ ದಿಕ್ಕಿಗೆ, ಬಲಗೈ ಎಳೆದ ಕಡೆಗೆ. ಮೂರು ವರ್ಷದಿಂದ ಒಗೀತಿದ್ದೀನಿ. ಪಾಪ, ಆ ಮಗುವಿಗೆ ಅದನ್ನ ಯಾರು ಕಲಿಸಿದ್ರೋ."

"ಅಯ್ಯೋ ದೇವರೇ, ನಮ್ಮೂರ ಹುಲಿ ಬಣ್ಣ ಬಳ್ಕೊಂಡ ಬೆಕ್ಕಾ!" ಎಂದು ಯೂಲಾ ಹಣೆ ಚಚ್ಚಿಕೊಂಡಳು.

ಇನ್ನೊಬ್ಬ ಎಪ್ಪತ್ನಾಲ್ಕು, ಲೆಮ್ಯುಯೆಲ್ ಯಾನ್ಸಿ. ಚೆಂಡು ಎಸೆಯುವವನ ಮುಂದೆ ಗೋಡೆಯಂತೆ ನಿಂತು, ನುಗ್ಗಿ ಬರುವವರನ್ನು ತಡೆಯುವವನು. ಅವನಿಗೆ ಊರಿಟ್ಟ ಹೆಸರು 'ಮದುಮಗ'. ಆಟ ಮುಗಿದರೂ ಅಂಗಿ ಬೆಳ್ಳಗೇ ಇರುತ್ತದೆ, ಸೋಮಾರಿ, ಮೈ ಬಗ್ಗಿಸುವುದಿಲ್ಲ ಎಂದು ಡೂಲಿ ಹ್ಯಾಸ್ಕೆಲ್ ವಾರ ವಾರ ಆಡಿಕೊಳ್ಳುತ್ತಿದ್ದ. ಪತ್ರಿಕೆಗಳು ಅವನನ್ನು ಮೊದಲ ಸುತ್ತಿಗೆ ಎಣಿಸಿಯೇ ಇರಲಿಲ್ಲ.

ಮಿಸ್ ವರ್ಲೀನ್ ಕಪಾಟಿನಿಂದ ಅವನ ಜೆರ್ಸಿ ತಂದು ಮೇಜಿನ ಮೇಲೆ ಹಾಸಿದರು. ಕಂಕುಳ ಹೊಲಿಗೆಯನ್ನು ಆ ಋತುವಿನಲ್ಲಿ ನಾನೇ ಒಂಬತ್ತು ಸಲ ಹಾಕಿದ್ದೆ. ಕತ್ತುಪಟ್ಟಿ ಎಳೆದೆಳೆದು ಜೋತುಬಿದ್ದಿತ್ತು. ಎದೆಯಲ್ಲಿ ಹನ್ನೆರಡು ತಂಡಗಳ ಹೆಲ್ಮೆಟ್ ಬಣ್ಣ ಒಗೆದರೂ ನೆರಳಾಗಿ ಉಳಿದಿತ್ತು. ಅವರು ಅಂಗಿಯನ್ನು ಮಗುಚಿದರು.

"ಬೆನ್ನು ನೋಡ್ರೇ."

ಬೆನ್ನು ಹೊಸದರ ಹಾಗಿತ್ತು.

"ಹನ್ನೆರಡು ಆಟ, ಒಂದು ಸಲವೂ ಇವನ ಬೆನ್ನಿಗೆ ಹುಲ್ಲು ಹತ್ತಿಲ್ಲ. ಸೋಮಾರಿಯಂತೆ! ಇವನು ಬೀಳ್ಲೇ ಇಲ್ಲ, ಅದಕ್ಕೆ ಕೊಳೆಯಾಗಿಲ್ಲ. ನಮ್ಮೋರು ನೆಟ್ಟಗೆ ನಿಂತ್ರೆ ಅವರ ಕಣ್ಣಿಗೆ ಸೋಮಾರಿತನವಾಗಿ ಕಾಣುತ್ತೆ. ಬರಿ, ಒಂಬತ್ತನೇ ಜಾಗ."

"ಒಂಬತ್ತೇ ಯಾಕೆ?"

ಅವರು ಹಳೆಯ ಕ್ರೀಡಾ ಪತ್ರಿಕೆಯೊಂದನ್ನು ನನ್ನ ಮುಂದೆ ಒಗೆದರು. ಒಂಬತ್ತನೆಯದಾಗಿ ಆರಿಸುವ ಸರದಿ ಒಮಾಹಾ ತಂಡದ್ದು. ಅವರ ಚೆಂಡು ಎಸೆಯುವವನು ಎದ್ದು ನಿಲ್ಲುತ್ತಿದ್ದ ಬಣ್ಣದ ಚಿತ್ರವಿತ್ತು. ಬೆನ್ನೆಲ್ಲಾ ಹಸಿರು.

"ಆ ಊರಲ್ಲಿ ಈ ಅಂಗಿ ಒಗೆಯೋಳ ಕೈ ಬಿದ್ದುಹೋಗಿರುತ್ತೆ," ಎಂದರು ಮಿಸ್ ವರ್ಲೀನ್. "ಅವರಿಗೆ ಬೇಕಾಗಿರೋದು ಗೋಡೆ."

ಉಳಿದ ಹೆಸರುಗಳಲ್ಲಿ ಕೆಲವನ್ನು ಪತ್ರಿಕೆ ನೋಡಿ, ಕೆಲವನ್ನು ಜಗಳವಾಡಿ ತುಂಬಿದೆವು. ಕೊನೆಯಲ್ಲಿ ಕಳಿಸುವವರ ಹೆಸರು ಎಂಬ ಗೆರೆಯಿತ್ತು. ಹೆಸರು ಹಾಕಿದರೆ ಗ್ಯಾಡಿಸ್ ಕೆಲಸದಿಂದ ತೆಗೆಯಬಹುದು ಎಂದು ಯಾರೋ ಪಿಸುಗುಟ್ಟಿದರು. ಮಿಸ್ ವರ್ಲೀನ್ ಪೆನ್ನು ಕಿತ್ತುಕೊಂಡು, ದಪ್ಪ ಅಕ್ಷರದಲ್ಲಿ 'ಒಗೆಯುವ ಕೋಣೆ' ಎಂದು ಬರೆದು, ಕೆಳಗೆ ಹನ್ನೊಂದು ಹೆಸರನ್ನೂ ಪೂರ್ತಿಯಾಗಿ ಬರೆದರು.

ಗುರುವಾರ ಡೂಲಿ ಅದನ್ನು ರೇಡಿಯೋದಲ್ಲಿ ಓದಿದ. "ಕೇಳಿ ಮಹನೀಯರೇ, ಒಗೆಯೋ ಹೆಂಗಸರ ಪ್ರಕಾರ ನಮ್ಮ ಕ್ಲೇ ಮೊದಲ ಸುತ್ತಲ್ಲೇ ಇಲ್ವಂತೆ! ಮದುಮಗ ಇದಾನಂತೆ! ಅಮ್ಮಂದಿರಾ, ಗಂಜಿ ಬಟ್ಟೆಗೆ ಹಾಕಿ, ತಲೆಗಲ್ಲ." ಆ ಸಂಜೆ ಕಿರಾಣಿ ಅಂಗಡಿಯಲ್ಲಿ ಗಂಜಿಪುಡಿಯ ಡಬ್ಬ ತೋರಿಸಿ ನನ್ನನ್ನು ನೋಡಿ ನಕ್ಕರು. ಗ್ಯಾಡಿಸ್ ಮಾತ್ರ ನಗಲಿಲ್ಲ. "ಶನಿವಾರ ಎಲ್ಲರೂ ಬರಬೇಕು. ಟವೆಲ್ ರಾಶಿ ಬಿದ್ದಿದೆ," ಎಂದ.

ಶನಿವಾರ ಮಧ್ಯಾಹ್ನ ಊರೆಲ್ಲ ರೇಡಿಯೋದ ಮುಂದಿದ್ದಾಗ ನಾವು ಬೀಗದೊಳಗಿದ್ದೆವು. ನೆಲಮಾಳಿಗೆಗೆ ರೇಡಿಯೋ ಸಿಗುವುದಿಲ್ಲ. ಯೂಲಾ ಬಟ್ಟೆ ತೂಗುಹಾಕುವ ತಂತಿಯೊಂದನ್ನು ನೇರ ಮಾಡಿ ಗಾಳಿಗಿಂಡಿಯಿಂದ ಆಚೆಗೆ ತೂರಿಸಿ, ಇನ್ನೊಂದು ತುದಿಯನ್ನು ರೇಡಿಯೋಗೆ ಸುತ್ತಿ ಕೈಯಲ್ಲಿ ಹಿಡಿದು ಕೂತಳು. ಅವಳು ಅಲುಗಾಡಿದರೆ ಡೂಲಿ ಗೊರಗೊರ ಎನ್ನುತ್ತಿದ್ದ.

"ಯೂಲಾ, ಉಸಿರಾಡ್ಬೇಡ ಕಣೆ!"

"ಅದನ್ನ ಆಗಸ್ಟ್‌ನಲ್ಲೇ ಮಾಡಿ ತೋರಿಸಿದ್ನಲ್ಲೇ!"

ಮೊದಲ ನಾಲ್ಕು ಹೆಸರು ಎಲ್ಲರೂ ಬರೆದದ್ದೇ. ಐದನೆಯದಕ್ಕೆ ಊರು ಕ್ಲೇ ಹೆಸರಿಗೆ ಕಾದಿತ್ತು. ಬಂದದ್ದು ಟೆನೆಸಿಯ ಆ ಕೈ. ಡೂಲಿ ಆ ಹೆಸರನ್ನು ಎರಡು ಸಲ ಓದಿದ. "ಇರಲಿ, ಕ್ಲೇ ಆರನೆಯವನು" ಎಂದ. ಆರು ಬಂತು, ಕ್ಲೇ ಅಲ್ಲ. ಏಳರಲ್ಲಿ ನಾವು ತಪ್ಪಿದೆವು. ಎಂಟರಲ್ಲೂ ತಪ್ಪಿದೆವು. ಹಲ್ಲಿನ ಡಾಕ್ಟರ್ ಎರಡನ್ನೂ ಸರಿಯಾಗಿ ಬರೆದಿದ್ದ, ಈಗ ನಮಗಿಂತ ಒಂದು ಮುಂದಿದ್ದಾನೆ ಎಂದು ಡೂಲಿ ಲೆಕ್ಕ ಹೇಳಿದ.

"ಒಂಬತ್ತನೆಯದು, ಒಮಾಹಾ," ಎಂದ ಡೂಲಿ. ಕಾಗದ ಮಗುಚುವ ಸದ್ದು. ಆಮೇಲೆ, ಯಾರಿಗೋ ಬೈಯುವವನಂತೆ, "ಲೆಮ್ಯುಯೆಲ್ ಯಾನ್ಸಿ."

ಮಿಸ್ ವರ್ಲೀನ್ ಎದ್ದು ಹೋಗಿ ಎಪ್ಪತ್ನಾಲ್ಕನೆಯ ಕಪಾಟಿನ ಮೇಲೆ ಅಂಗೈ ಇಟ್ಟು ನಿಂತರು. ಯೂಲಾ ತಂತಿ ಬಿಡದೆಯೇ ಅಳುತ್ತಿದ್ದಳು, ರೇಡಿಯೋ ಅವಳ ಜೊತೆ ನಡುಗುತ್ತಿತ್ತು.

ಸಮವಾಯಿತು. ಹನ್ನೆರಡರಲ್ಲಿ ಡಾಕ್ಟರ್ ತಪ್ಪಿದ, ನಾವು ತಪ್ಪಲಿಲ್ಲ. ಮಿಕ್ಕವು ಇಬ್ಬರಿಗೂ ಒಂದೇ. ಹದಿನಾರು ಮುಗಿಯುವವರೆಗೂ ಕ್ಲೇ ಮೆರಿಡಿತ್‌ನ ಹೆಸರು ಬರಲಿಲ್ಲ.

"ಗೆದ್ದವರು," ಡೂಲಿ ಕೆಮ್ಮಿದ, "ಒಗೆಯುವ ಕೋಣೆ. ಅಮ್ಮಂದಿರಾ, ಕಾರ್ಯಕ್ರಮ ಮೂರೂವರೆಗೆ ಮುಗಿಯುತ್ತೆ. ಅಷ್ಟರೊಳಗೆ ಸ್ಟುಡಿಯೋಗೆ ಬಂದ್ರೆ ಹತ್ತು ನಿಮಿಷ ನಿಮ್ದು. ಬರದಿದ್ರೆ ಡಾಕ್ಟರ್ ವಿಟ್ಲೊ ಇದಾರೆ, ಹೊಸ ದೋಣಿ ತಗೊಂಡಿದಾರಂತೆ."

ಸ್ಟುಡಿಯೋ ಬೀದಿಯ ಆಚೆ ಬದಿಗೇ ಇತ್ತು. ಗಂಟೆ ಮೂರು. ನಾವೆಲ್ಲ ಬಾಗಿಲ ಕಡೆ ನೋಡಿದೆವು. ನಾನು ಓಡಿಹೋಗಿ ಬಡಿದೆ, ಕಬ್ಬಿಣ ನನ್ನ ಮುಷ್ಟಿಯನ್ನೇ ನನಗೆ ವಾಪಸು ಕೊಟ್ಟಿತು. ಕಚೇರಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಗ್ಯಾಡಿಸ್ ಎಲ್ಲೋ ಕೂತು ಡ್ರಾಫ್ಟ್ ಕೇಳುತ್ತಿದ್ದ. ನಮ್ಮ ಗೆಲುವನ್ನು ಅವನೂ ಕೇಳಿದ್ದ. ಬೇಕೆಂದೇ ಬರಲಿಲ್ಲವೋ ಏನೋ, ನಾನು ಇವತ್ತಿಗೂ ಬೇಕೆಂದೇ ಎನ್ನುತ್ತೇನೆ. ಹಸಿದವಳಿಗೆ ಅನ್ನ ಬಡಿಸಿ ಕೈ ಕಟ್ಟಿ ಕೂರಿಸಿದ ಹಾಗಾಗಿ ನನಗೆ ಅಳು ಉಕ್ಕಿತು.

"ಅಳೋದನ್ನ ಆಮೇಲೆ ಇಟ್ಕೋ," ಎಂದರು ಮಿಸ್ ವರ್ಲೀನ್. "ಡೂಲಿಯ ನಂಬರ್ ಒತ್ತು."

ಹದಿನೈದು ಸಲ ಒತ್ತಿದ ಮೇಲೆ ಸಿಕ್ಕಿತು. ಅವರು ಫೋನ್ ಹಿಡಿದರು. ಅವರ ದನಿ ಎದುರಿನಿಂದಲೂ ರೇಡಿಯೋದಿಂದಲೂ ಎರಡೆರಡಾಗಿ ಕೇಳಿಸಿತು.

"ಮಿಸ್ಟರ್ ಹ್ಯಾಸ್ಕೆಲ್, ನಾನು ವರ್ಲೀನ್ ಟಬ್ಸ್. ನಾವು ಬರೋಕಾಗಲ್ಲ."

"ಯಾಕಮ್ಮಾ? ರಸ್ತೆ ದಾಟಿದ್ರೆ ಬಂತಲ್ಲ!"

"ಬಾಗಿಲಿಗೆ ಬೀಗ ಹಾಕಿದೆ. ಹೊರಗಿನಿಂದ."

ಡೂಲಿ ನಕ್ಕ. "ಯಾರೋ ಮರೆತು ಹಾಕಿರಬೇಕು."

"ಒಂಬತ್ತು ವರ್ಷದಿಂದ ದಿನಾ ಮರೀತಾರೆ. ಆಗಸ್ಟ್‌ನಲ್ಲಿ ನಮ್ಮ ಯೂಲಾ ಇಲ್ಲೇ ಬಿದ್ಲು. ನಲವತ್ತು ನಿಮಿಷ ಬಾಗಿಲು ಬಡಿದ್ವಿ. ಮೂರು ಕಾಗದ ಬರೆದ್ವಿ. ಇಷ್ಟೇ ನಮ್ಮ ಮಾತು. ಮಿಕ್ಕ ನಿಮಿಷ ನೀವೇ ಇಟ್ಕೊಳ್ಳಿ."

ಈಗ ಡೂಲಿ ನಗುತ್ತಿರಲಿಲ್ಲ. ಆದರೂ ತಲೆಯೊಳಗಿನ ಫುಟ್‌ಬಾಲಿನ ಹುಳ ಅವನನ್ನು ಬಿಡಬೇಕಲ್ಲ. "ಅಲ್ಲಮ್ಮಾ, ಒಂದು ಮಾತು. ಮದುಮಗ ಒಂಬತ್ತನೆಯವನು ಅಂತ ನಿಮಗೆ ಹೇಗೆ ಗೊತ್ತಾಯ್ತು? ಕ್ಲೇ ಇಲ್ಲ ಅಂತ ಹೇಗೆ ಗೊತ್ತಾಯ್ತು? ಊರೇ ಕೇಳ್ತಿದೆ."

ಮಿಸ್ ವರ್ಲೀನ್ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಅವರು ಅಷ್ಟು ಎತ್ತರ ಕಂಡದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಹೇಳಿದ್ರೆ ಅರ್ಥ ಆಗಲ್ಲ, ತೋರಿಸ್ಬೇಕು," ಎಂದರು. "ಎಲ್ಲಾ ಇಲ್ಲೇ, ಮೇಜಿನ ಮೇಲಿದೆ. ಬಾಗಿಲು ತೆಗೆದವರಿಗೆ ತೋರಿಸ್ತೀನಿ."

ಫೋನ್ ಇಟ್ಟು, ಟವೆಲ್ ಮಡಿಸಲು ಕೂತರು.

ಹೆಂಗಸರ ಪ್ರಾಣಕ್ಕೆ ಬಾರದ ಊರು ಫುಟ್‌ಬಾಲಿನ ಗುಟ್ಟಿಗೆ ಬಂತು. ಅದನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಆದರೆ ಬಂತು. ಮೊದಲು ಗಾಳಿಗಿಂಡಿಯಲ್ಲಿ ಟ್ರಕ್ಕುಗಳ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಬೂಟುಗಳು, ಹತ್ತಲ್ಲ, ಇಪ್ಪತ್ತಲ್ಲ. "ಗ್ಯಾಡಿಸ್ ಎಲ್ರೀ? ಬೀಗದ ಕೈ ತಗೊಂಡು ಬರ್ಲಿ!" "ಅವನು ಬರೋವರೆಗೆ ಯಾರು ಕಾಯ್ತಾರೆ, ಕತ್ತರಿ ತನ್ನಿ!" ಎನ್ನುವ ಕೂಗು. ನಮ್ಮ ಚರ್ಚಿನವರ ದನಿಗಳೂ ಅದರಲ್ಲಿದ್ದವು. ಕಬ್ಬಿಣ ಕಬ್ಬಿಣವನ್ನು ಕಚ್ಚಿತು. ಬೀಗ ಕೆಳಗೆ ಬಿದ್ದ ಸದ್ದು ಎಷ್ಟು ಸಣ್ಣದು! ಒಂಬತ್ತು ವರ್ಷ ನಮ್ಮನ್ನು ಹಿಡಿದಿಟ್ಟದ್ದು ಅಷ್ಟು ಸಣ್ಣದೇ?

ಬಾಗಿಲು ತೆರೆಯಿತು. ಬೆಳಕು, ಅದರೊಳಗೆ ಒತ್ತೊತ್ತಾಗಿ ಮುಖಗಳು, ಎಲ್ಲಕ್ಕಿಂತ ಮುಂದೆ ಬೆವರುತ್ತಿದ್ದ ಡೂಲಿ ಹ್ಯಾಸ್ಕೆಲ್. ಅವನು ಒಳಗೆ ಕಾಲಿಡಲು ಹೋದ.

ಮಿಸ್ ವರ್ಲೀನ್ ಕೂತಲ್ಲಿಂದಲೇ ಕೈ ಎತ್ತಿ ತಡೆದರು.

"ಒಗೆದ ಬಟ್ಟೆ ಹರಡಿದೆ," ಎಂದರು. "ಕಾಲು ಒರೆಸ್ಕೊಂಡು ಬನ್ನಿ."

ಒಬ್ಬೊಬ್ಬರಾಗಿ, ಹೊಸ್ತಿಲಲ್ಲಿ ನಿಂತು, ಅವರೆಲ್ಲರೂ ಕಾಲು ಒರೆಸಿಕೊಂಡರು.