ಹಟ್ಟಿಗೆ ಬಂದ ಕೋಳಿಗಳು

ಜೀಪಿನಿಂದ ಇಳಿಸಿದ ಬಿದಿರಿನ ಪಂಜರದೊಳಗೆ ಕೋಳಿಗಳು ಬಿಸಿಲಿಗೆ ಬಾಯಿ ತೆರೆದು ಏದುತ್ತಿದ್ದವು. ಅವನ್ನು ತಂದ ಚಿತ್ರದುರ್ಗದ ಆಫೀಸಿನ ಪರಮೇಶ್ವರಪ್ಪ ಮೂಗಿಗೆ ಟವಲು ಒತ್ತಿಕೊಂಡು ದೂರ ನಿಂತಿದ್ದ. ಯಲ್ಲಕ್ಕ ಪಂಜರವನ್ನು ನೋಡಲಿಲ್ಲ. ಮುಳ್ಳುಬೇಲಿಯ ಬಾಯಿಗೆ ಅಡ್ಡ ಬಂದು ನಿಂತ ಹಟ್ಟಿಯ ಹಿರಿಯ ಜುಂಜಯ್ಯನ ಮುಖವನ್ನೇ ನೋಡುತ್ತಿದ್ದಳು.

ಗೊಲ್ಲರ ಹಟ್ಟಿಯೊಳಗೆ ಕೋಳಿ ಕಾಲಿಡುವಂತಿಲ್ಲ. ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. ತಾತ ಮುತ್ತಾತರ ಕಾಲದಿಂದ ಬಂದ ಈ ಕಟ್ಟನ್ನು ಜುಂಜಯ್ಯ ಸಿಟ್ಟಿಲ್ಲದೆ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ.

"ನಾನು ಕೇಳಿದ್ದು ಕುರಿ ಸ್ವಾಮಿ," ಅಂದಳು ಯಲ್ಲಕ್ಕ.

ಕುರಿ ತನ್ನ ಕೈಯಲ್ಲಿಲ್ಲ ಎಂದ ಪರಮೇಶ್ವರಪ್ಪ. ಬಾಂಗ್ಲಾ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ಜೀವನಕ್ಕೊಂದು ದಾರಿಯಾಗಲಿ ಎಂದು ಬಂದದ್ದು ಹೊಲಿಗೆ ಮಿಷಿನ್ನು ಮತ್ತು ಕೋಳಿ. ಮಿಷಿನ್ನು ಹಿರಿಯೂರಿನಲ್ಲೇ ಮುಗಿದುಹೋದವು. ಇವಳು ಬೇಡವೆಂದರೆ ಕೋಳಿ ಹೊಸದುರ್ಗದ ಕಡೆ ಇನ್ನೊಬ್ಬಳಿಗೆ ಹೋಗುತ್ತವೆ. ಮತ್ತೆ ಇವಳ ಸರದಿ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

"ಇವತ್ತೊಂದಿನ ನಿಮ್ಮನೇಲೇ ಇಟ್ಕಳ್ರಿ. ನಾವು ಕುಂತು ಮಾತಾಡ್ತೀವಿ," ಅಂದ ಜುಂಜಯ್ಯ, ಪರಮೇಶ್ವರಪ್ಪನಿಗೆ.

"ಚಂದ ಹೇಳ್ದೆ ಬಿಡಪ್ಪ. ನಾವು ಲಿಂಗ ಕಟ್ಟಿದೋರು. ಕೋಳಿ ಹಿಡ್ಕಂಡು ಹೋದ್ರೆ ನಮ್ಮನೆಯೋಳು ನನ್ನೂ ಒಳಗೆ ಬಿಡಲ್ಲ."

ಜುಂಜಯ್ಯನಿಗೆ ನಗು ಬಂತು. ಯಲ್ಲಕ್ಕನಿಗೂ ಬರಬಹುದಿತ್ತು. ಆದರೆ ಸುಗ್ಗಿ ಮುಗಿದು ಪಕ್ಕದೂರು ತಾಳ್ಯದ ಹೊಲಗಳಲ್ಲಿ ಕೂಲಿ ನಿಂತಿತ್ತು. ಮಗಳು ಗಿರಿಯಮ್ಮ ಬೆಳಗಿನಿಂದ ಬರೀ ಅಂಬಲಿಯಲ್ಲಿದ್ದಳು. ಅತ್ತೆ ಕಾಟಮ್ಮ ತನ್ನ ಪಾಲಿನದನ್ನೂ ಆ ಮಗುವಿನ ಬಟ್ಟಲಿಗೇ ಬಗ್ಗಿಸಿದ್ದಳು.

ಬೇಲಿಯಿಂದ ಆಚೆ, ಹಿಂದೆ ಕುರಿಮರಿ ಕೂಡುತ್ತಿದ್ದ ಗುಡಿಸಲೊಂದಿತ್ತು. ಸೋಗೆ ಅರ್ಧ ಹಾರಿಹೋಗಿತ್ತು.

"ಅಲ್ಲಿ ಇಟ್ಕಂಡು ನಾನೂ ಅಲ್ಲೇ ಇರ್ತೀನಿ," ಅಂದಳು ಯಲ್ಲಕ್ಕ.

ಜುಂಜಯ್ಯ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಕೋಳಿ ಮುಟ್ಟಿದ ಮೇಲೆ ನೀನು ಒಳಗೆ ಬರಂಗಿಲ್ಲ ತಾಯಿ. ಮಗಳು ಅಜ್ಜಿತಾವ ಇರ್ಬೇಕಾಗ್ತದೆ."

"ಇರ್ಲಿ."

ಪಂಜರವನ್ನು ತಾನೇ ತಲೆಯ ಮೇಲೆ ಹೊತ್ತಳು. ಬೇಲಿಯೊಳಗೆ ಮಗಳು ಅತ್ತಳು.

ಅಂದಿನಿಂದ ಕಾಟಮ್ಮ ಮುದ್ದೆ ತಂದು ಬೇಲಿಯ ಬಳಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಯಲ್ಲಕ್ಕ ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ ತಾಳ್ಯದ ಹೋಟೆಲಿಗೆ ಒಯ್ದು ಕೊಟ್ಟು, ಬರುವಾಗ ತಂದ ರಾಗಿಯನ್ನು ಅದೇ ಕಲ್ಲಿನ ಮೇಲಿಡುತ್ತಿದ್ದಳು. ಮೊಟ್ಟೆ ಮುಟ್ಟಿದ ಕೈಯನ್ನು ಎಷ್ಟು ತೊಳೆದರೂ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಟಮ್ಮ ಮುದ್ದೆಯಿಟ್ಟವಳು ಹೋಗಲಿಲ್ಲ. ಮೊರದಲ್ಲಿ ನುಚ್ಚು ಕೇರುತ್ತ ಬೇಲಿಯ ಒಳಗಡೆ ಕುಂತಳು.

"ಮಿಲಿಟ್ರಿಯಾಗೆ ಎಲ್ಲಾ ತಿನ್ಸ್ತಾರಂತೆ ಕಣೇ. ನಮ್ಮ ಚಿತ್ತಪ್ಪ ಇದನ್ನ ಮುಟ್ಟಿದ್ನೇನೆ?"

ಕೊನೆಯ ರಜೆಯಲ್ಲಿ ಬಂದಾಗ ಚಿತ್ತಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿದ್ದ. ಚಳಿಗೆಂದು ದಿನವೂ ಮೊಟ್ಟೆ ಕೊಡುತ್ತಾರೆ, ಮೊದಮೊದಲು ವಾಂತಿಯಾಯಿತು, ಈಗ ಸೇರುತ್ತದೆ, ಅವ್ವನಿಗೆ ಹೇಳಬೇಡ.

"ಇಲ್ಲ ಅತ್ತೆ. ರೊಟ್ಟಿ ಬ್ಯಾಳೇನೇ ಉಣ್ತಿದ್ದ."

ಕಾಟಮ್ಮ ಕೇರುವುದು ನಿಲ್ಲಿಸಿ ಸೊಸೆಯ ಮುಖ ನೋಡಿದಳು.

"ಹೊಟ್ಟೆಗೆ ಏನಾರ ಬಿದ್ದಿದ್ರೆ ಸಾಕಾಗಿತ್ತು," ಅಂದಳು.

ಮತ್ತೆ ಕೇರತೊಡಗಿದಳು. ಕೇರಿದ ನುಚ್ಚು ಮೊರದ ಅಂಚಿಗೆ ಬಂದು ನಿಂತಿತು. ಕೆಂಪು ಕೋಳಿಯೊಂದು ಕುತ್ತಿಗೆ ವಾಲಿಸಿ ನೋಡಿ, ಮುಳ್ಳಿನ ಸಂದಿಯಿಂದ ಕೊಕ್ಕು ಚಾಚಿತು. ಕಾಟಮ್ಮ ಮೊರವನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.