ಟೇಬಲ್ ಕಾಲಿನ ಎರಡು ಇಂಚು

ಕೂತವರ ಮೊಣಕೈ ಎಷ್ಟು ಎತ್ತರವೋ ಟೇಬಲ್ಲೂ ಅಷ್ಟೇ ಎತ್ತರ. ಮೂವತ್ತು ವರ್ಷದಿಂದ ಈ ಲೆಕ್ಕದಲ್ಲೇ ಮರಗೆಲಸ ಮಾಡಿಕೊಂಡು ಬಂದವನು ನಾನು. ಟೀಚರ್ ಆಗಿರುವ ಅಕ್ಕನಿಗೆ ಉತ್ತರಪತ್ರಿಕೆ ತಿದ್ದಲು ಒಂದು ಟೇಬಲ್ ಬೇಕಿತ್ತು. ಭಾನುವಾರ ಬೆಳಿಗ್ಗೆ ಅವಳನ್ನು ಅವಳದೇ ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದು ಅಳೆದೆ. ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಕೊಟ್ಟೆ.

ಮೂರೇ ದಿನಕ್ಕೆ ಅಕ್ಕನ ಫೋನು ಬಂತು. "ಟೇಬಲ್ ಎತ್ತರ ಆಯ್ತು ಕಣೋ. ಬರೆದೂ ಬರೆದೂ ಭುಜ ಬಿದ್ದೋಗ್ತಿದೆ."

ನನಗೆ ಮೈಯೆಲ್ಲ ಉರಿಯಿತು. ನನ್ನ ಅಳತೆಯಲ್ಲೇ ಕೊಂಕು ತೆಗೆಯುತ್ತಾಳಲ್ಲ! ಇಡೀ ದಿನ ಬಾಗಿಲು ಕೂರಿಸಿ ಸೋತ ಕಾಲುಗಳನ್ನು ಎಳೆದುಕೊಂಡು ಸಂಜೆ ಅವಳ ಮನೆಗೆ ಹೋದೆ. ಆಗಷ್ಟೇ ಶಾಲೆಯಿಂದ ಬಂದವಳು, ಚಪ್ಪಲಿಯನ್ನೂ ಬಿಡದೆ ಟೇಬಲ್ ಮುಂದೆ ಕುಸಿದು ಕೂತಿದ್ದಳು. ಬೆನ್ನು ಬಾಗಿತ್ತು, ಭುಜಗಳು ಜೋತುಬಿದ್ದಿದ್ದವು. ಮತ್ತೆ ಟೇಪು ಹಿಡಿದೆ. ಮೊಣಕೈ ಎರಡು ಇಂಚು ಕೆಳಗಿಳಿದಿತ್ತು.

"ಭಾನುವಾರ ನೆಟ್ಟಗೆ ಕೂತಿದ್ಯಲ್ಲೇ ಅಕ್ಕ?"

"ಅವತ್ತು ರಜ ಇತ್ತಲ್ಲೋ."

ಗರಗಸ ತೆಗೆದು ಟೇಬಲ್ಲಿನ ನಾಲ್ಕೂ ಕಾಲುಗಳನ್ನು ಎರಡೆರಡು ಇಂಚು ಕೊಯ್ದೆ. ಅಕ್ಕ ಕೈಯೂರಿ ನೋಡಿ, "ಈಗ ಸರಿಹೋಯ್ತು" ಎಂದಳು. ಕೊಯ್ದ ತುಂಡುಗಳನ್ನು ನಾನು ಚೀಲಕ್ಕೆ ಹಾಕಿಕೊಳ್ಳುವಾಗ ತಡೆದಳು.

"ಅವು ಇಲ್ಲೇ ಇರ್ಲಿ. ರಿಟೈರ್ ಆದ್ಮೇಲೆ ವಾಪಸ್ ಅಂಟಿಸಿಕೊಡು."