ಗಾಜಿನ ಮೇಲಿನ ಹನ್ನೊಂದು ಚೀಟಿಗಳು

ಕಾಲೇಜಿನ ಪ್ರವೇಶಾತಿ ವಿಭಾಗದಲ್ಲಿ ಎರಡನೇ ಕೌಂಟರಿನ ಗಾಜಿಗೆ ಹನ್ನೊಂದು ಚೀಟಿಗಳು ಅಂಟಿದ್ದವು. ಎಲ್ಲವೂ ಒಳಗೆ ಕೂತ ಗುಮಾಸ್ತರದೇ ಕೈಬರಹ. ಫೋಟೊ ಎರಡು. ಜೆರಾಕ್ಸ್ ಮೂರು. ಊಟದ ವಿರಾಮ ಒಂದೂವರೆಯಿಂದ ಎರಡು. ಒಂದೇ ಪ್ರಶ್ನೆಗೆ ಉತ್ತರಿಸಿ ಗಂಟಲು ಕಟ್ಟಿದಾಗಲೆಲ್ಲ ಅವರು ಒಂದೊಂದು ಅಂಟಿಸಿದ್ದರು. ಹನ್ನೊಂದನೆಯದು ಅವರ ಮೂಗಿನಿಂದ ಗದ್ದದವರೆಗೆ ಅಡ್ಡ ಬಂದಿತ್ತು: ‘ಸಂದೇಹವಿದ್ದರೆ ಇಲ್ಲಿ ಕೇಳಿ.’

ಪ್ರವೇಶಕ್ಕೆ ಅಂದು ಕೊನೆಯ ದಿನ. ಐದು ಗಂಟೆಯೊಳಗೆ ದಾಖಲಾಗದವರ ಸೀಟು ಪಟ್ಟಿಯಲ್ಲಿ ಮುಂದಿನವರ ಪಾಲು. ನಾಲ್ಕು ಹತ್ತಕ್ಕೆ ಒಬ್ಬ ಹುಡುಗಿ ಮೂರನೇ ಸಲ ಬಂದಳು. ಗುಮಾಸ್ತರು ಅವಳ ಕಾಗದಗಳನ್ನು ತಿರುವಿ ಹಣೆ ಚಚ್ಚಿಕೊಂಡರು.

“ಮತ್ತೆ ಜೆರಾಕ್ಸೇ ತಂದಿದ್ದೀಯಲ್ಲಮ್ಮಾ! ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬೇಕು ಅಂತ ಮೊನ್ನೆ ಹೇಳ್ದೆ, ನಿನ್ನೆ ಹೇಳ್ದೆ. ತಂದಿದ್ದೀಯಾ ಇಲ್ವಾ?”

ಹುಡುಗಿ ತಲೆಯಾಡಿಸಿದಳು.

“ತಂದಿದ್ರೆ ಕೊಡು.”

ಮತ್ತೆ ತಲೆಯಾಡಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಅಸಲು ಅಂಕಪಟ್ಟಿಯ ನಿಯಮ ಬಂದದ್ದು ಈ ವರ್ಷವೇ. ಅದರ ಚೀಟಿ ಇನ್ನೂ ಆಗಿರಲಿಲ್ಲ. ಗುಮಾಸ್ತರು ಸಿಟ್ಟಿನಿಂದ ಒಂದು ಹಾಳೆ ಎಳೆದುಕೊಂಡು ಹನ್ನೆರಡನೆಯದನ್ನು ಬರೆಯತೊಡಗಿದರು. ಹುಡುಗಿ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಟೆಂಡರಮ್ಮ ಅವಳ ತೋಳು ಹಿಡಿದು ನಿಲ್ಲಿಸಿದರು.

“ಏನಾಯ್ತು ಪುಟ್ಟಿ? ಮೂರು ದಿನದಿಂದ ನೋಡ್ತಿದ್ದೀನಿ, ಹಿಂಗೆ ಬರ್ತೀಯ, ಹಂಗೆ ಹೋಗ್ತೀಯ. ಒರಿಜಿನಲ್ ಇಲ್ವಾ?”

ಹುಡುಗಿ ಅವರ ಬಾಯನ್ನೇ ನೋಡುತ್ತಿದ್ದಳು. “ಒರಿಜಿನಲ್ಲಾ? ಇದೆ,” ಎಂದಳು, ಸ್ವಲ್ಪ ಜೋರಾಗಿ, ಏರಿಳಿತವಿಲ್ಲದೆ. ಚೀಲದ ತಳದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. “ಮೂರು ದಿನದಿಂದ ಇಲ್ಲೇ ಇದೆ.”

“ಅಯ್ಯೋ! ಮತ್ತೆ ಕೊಡೋಕೇನು?”

“ನಂಗೆ ಕಿವಿ ಕೇಳಲ್ಲ ಅಮ್ಮಾ. ತುಟಿ ನೋಡಿ ತಿಳ್ಕೊಳ್ತೀನಿ. ಸರ್ ಬಾಯಿ ಚೀಟಿ ಹಿಂದೆ ಇದೆ.”

ಅವಳಿಗೆ ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಅರ್ಥವಾಗದಾಗ ತಲೆಯಾಡಿಸಿಬಿಟ್ಟರೆ ಎದುರಿನವರು ಬೇಗ ಸುಮ್ಮನಾಗುತ್ತಾರೆ ಎಂಬುದನ್ನು ಆಗಲೇ ಕಲಿತಿದ್ದಳು.

ಅಟೆಂಡರಮ್ಮ ಅವಳನ್ನು ಸಾಲಿನ ಮುಂದಕ್ಕೆ ಕರೆದೊಯ್ದು ಗಾಜು ಬಡಿದರು. “ಸಾರ್, ಬರೆಯೋದು ಸಾಕು ಮಾಡಿ. ನಿಮ್ಮ ಮುಖ ಕಾಣ್ತಿಲ್ವಂತೆ ಮಗೂಗೆ.”

ವಿಷಯ ತಿಳಿದ ಗುಮಾಸ್ತರು ಪೆನ್ನು ಕೆಳಗಿಟ್ಟರು. ಬರೆದು ತೋರಿಸಿದ್ದರೂ ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಸ್ಟೀಲಿನ ಸ್ಕೇಲು ಹಿಡಿದು ಹೊರಗೆ ಬಂದು ಹನ್ನೊಂದನೇ ಚೀಟಿಯನ್ನು ಕೆರೆದರು. ಗೋಂದು ಗಟ್ಟಿಯಾಗಿತ್ತು, ಕಾಗದ ಚೂರುಚೂರಾಗಿ ಬಂತು. ‘ಕೇಳಿ’ ಎಂಬುದಂತೂ ಏನು ಮಾಡಿದರೂ ಬಿಡಲಿಲ್ಲ. ಅಟೆಂಡರಮ್ಮ ಒದ್ದೆ ಬಟ್ಟೆ ಹಾಕಿ ಉಜ್ಜಿದರು. ಗಂಟೆ ನಾಲ್ಕು ಮೂವತ್ತೈದು.

ಗುಮಾಸ್ತರು ಒಳಗೆ ಕೂತು ಬಾಯಗಲಿಸಿ ಕಿರುಚಿದರು. “ಯಾವ! ವಿಷಯ! ಬೇಕು!”

“ಕೂಗ್ಬೇಡಿ ಸರ್. ದಿನಾ ಮಾತಾಡೋ ಹಾಗೆ ಮಾತಾಡಿ.”

“ಯಾವ ವಿಷಯ ತಗೋತೀಯ?”

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. “ಇನ್ನೊಂದ್ಸಲ. ಮೀಸೆ ಅಡ್ಡ ಬರ್ತಿದೆ.”

ಸಾಲಿನವರೆಲ್ಲ ನಕ್ಕರು. ಗುಮಾಸ್ತರು ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದು ಮತ್ತೆ ಕೇಳಿದರು.

“ಗಣಿತ,” ಎಂದಳು ಹುಡುಗಿ.

ಉಳಿದ ಪ್ರಶ್ನೆಗಳನ್ನೂ ಮೀಸೆ ಹಿಡಿದುಕೊಂಡೇ ಮುಗಿಸಿದರು. ನಾಲ್ಕು ಐವತ್ತೆರಡಕ್ಕೆ ಪ್ರವೇಶ ಪತ್ರಕ್ಕೆ ಮೊಹರು ಬಿತ್ತು. ಅದರ ಮೇಲಿದ್ದ ತನ್ನ ಹೆಸರನ್ನು ಹುಡುಗಿ ಎರಡು ಸಲ ಓದಿದಳು.

ತರಗತಿ ಶುರುವಾದ ದಿನ ಅವಳು ಮತ್ತೆ ಆ ಕೌಂಟರಿಗೆ ಬಂದಳು. ಗಾಜಿನ ಮೇಲೆ ಒಂದೂ ಚೀಟಿ ಇರಲಿಲ್ಲ. ಉಳಿದಿದ್ದ ಹತ್ತೂ ಪಕ್ಕದ ಗೋಡೆ ಸೇರಿದ್ದವು. ಗುಮಾಸ್ತರ ಮೇಲ್ದುಟಿ ಪೂರ್ತಿ ಕಾಣುತ್ತಿತ್ತು. ಕತ್ತರಿಸಿದ ಮೀಸೆ ಎಡಕ್ಕೆ ಒಂಚೂರು ಸೊಟ್ಟಗಿತ್ತು.

“ಗಣಿತ ಮೇಲಿನ ಮಹಡೀಲಿ, ಬಲಗಡೆ ಎರಡನೇ ರೂಮು,” ಎಂದರು ಮೆಲ್ಲಗೆ. “ಮುಂದಿನ ಬೆಂಚಲ್ಲಿ ಕೂತ್ಕೋ.”

ಈ ಸಲ ಅವಳು ತಲೆಯಾಡಿಸಿದ್ದು ಅರ್ಥವಾಗಿಯೇ.